ಕುರ್ಚಿಯಿಲ್ಲದ ಸರ್

ಮಾನ್ವಿಯಲ್ಲಿ ನಾನು ಓದಿದ ಹೈಸ್ಕೂಲಿನ ಸ್ಟಾಫ್ ರೂಮಿನ ಗೋಡೆಯ ಮೇಲೆ, ಕಿಟಕಿಯಿಂದ ಹಿಡಿದು ಬೀರುವಿನ ತನಕ, ತೀರಿಕೊಂಡ ಶಿಕ್ಷಕರ ಫೋಟೋಗಳ ಒಂದು ಸಾಲಿದೆ. ಎಲ್ಲಕ್ಕೂ ಒಂದೇ ಅಳತೆಯ ಕಂದು ಚೌಕಟ್ಟು, ಒಂದೇ ನಮೂನೆಯ ಗಂಧದ ಹಾರ. ಗಣಿತದ ಮಾಸ್ತರರಿದ್ದಾರೆ. ಹಿಂದಿ ಪಂಡಿತರಿದ್ದಾರೆ. ಡ್ರಾಯಿಂಗ್ ಮಾಸ್ತರರಿದ್ದಾರೆ, ಹೊಲಿಗೆ ಕಲಿಸುತ್ತಿದ್ದ ಟೀಚರ್ ಇದ್ದಾರೆ. ಒಂದೇ ವರ್ಷ ಇದ್ದು ಹೋದ ವಿಜ್ಞಾನದ ಮಾಸ್ತರರೊಬ್ಬರಿದ್ದಾರೆ. ಅವರ ಮುಖ ಈಗ ಯಾರಿಗೂ ನೆನಪಿಲ್ಲ, ಆದರೂ ಇದ್ದಾರೆ. ನಮ್ಮ ಪಿ.ಟಿ. ಸರ್ ಇಲ್ಲ.

"ಅದು ಸಬ್ಜೆಕ್ಟ್ ಟೀಚರ್ ಲೈನ್ ರೀ ಮೇಡಮ್," ಎಂದು ಶಾಲೆಯ ಕಾರ್ಯದರ್ಶಿ ಫೋನಿನಲ್ಲಿ ನನಗೆ ಹೇಳಿದರು. "ಪಿ.ಟಿ. ಅವರದು ಬೇಕಾದ್ರ ಆಟದ ಸಾಮಾನಿನ ರೂಮಿನ್ಯಾಗ ಹಾಕೋಣಂತ. ಅವರು ಕುಂದ್ರತಿದ್ದದ್ದೂ ಅಲ್ಲೇ ಅಲ್ರೀ."

ನಾನು 'ಥ್ಯಾಂಕ್ಯೂ' ಎಂದು ಫೋನ್ ಇಟ್ಟೆ. ಕಾನ್ವೆಂಟಿನಲ್ಲಿ ಹತ್ತಿದ ಅಭ್ಯಾಸ. ಎದುರಿನವರು ಏನೇ ಅಂದರೂ ಮಾತಿನ ಕೊನೆಗೆ ಥ್ಯಾಂಕ್ಯೂ ಅನ್ನಬೇಕು. ಇಟ್ಟ ಮೇಲೆ ನೋಡುತ್ತೇನೆ, ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯುದ್ದಕ್ಕೂ ಹರಿದಿದೆ. ಒರೆಸುತ್ತ ಒರೆಸುತ್ತ ಸಿಟ್ಟು ಏರಿತು. ಅವರು ಅಲ್ಲೇ ಕೂರುತ್ತಿದ್ದರು, ನಿಜ. ಆದರೆ ಅಲ್ಲೇ ಯಾಕೆ ಕೂರುತ್ತಿದ್ದರು? ಅದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಸರ್ ತೀರಿಕೊಂಡ ಸುದ್ದಿ ತಿಳಿದ ಮೇಲೆ ಅವರ ಹೆಂಡತಿಯನ್ನು ಮಾತನಾಡಿಸಲು ರಾಯಚೂರಿನಿಂದ ಮಾನ್ವಿಗೆ ಬಸ್ಸು ಹಿಡಿದು ಹೋಗಿದ್ದೆ. ನಾವು ಆಟದ ಹುಡುಗಿಯರು ಅವರನ್ನು ಮೊದಲಿನಿಂದಲೂ ಚಿಗವ್ವ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಚಿಗವ್ವ ನನ್ನ ಮುಂದೆ ಅಳಲಿಲ್ಲ. ಎಲೆ ಅಡಿಕೆಯ ಸಂಚಿ ಬಿಚ್ಚಿ, ಎಲೆಯ ಬೆನ್ನಿಗೆ ಸುಣ್ಣ ಹಚ್ಚಿ, ಬಾಯಿಗೆ ಹಾಕಿಕೊಳ್ಳದೆ ಹಾಗೇ ಕೈಯಲ್ಲಿ ಹಿಡಿದು ಕೂತಿದ್ದರು.

"ನನಗೇನೂ ಬ್ಯಾಡವ್ವಾ," ಎಂದರು. "ಉಳದ ಮಾಸ್ತರುಗಳ ಫೋಟೋದ ಜೋಡಿ ಇವರದೂ ಒಂದು ಹಾಕಸು. ನಾ ಹೋಗಿ ಕೇಳಿದ್ರ ಹೊರಗ ನಿಂದ್ರಸ್ತಾರ. ನೀವು ಓದಿದಾರು, ರಾಯಚೂರಾಗ ಇರೋರು, ನೀವು ಹೇಳಿದ್ರ ಕೇಳ್ತಾರ. 'ಯಾಕ, ನಾನೂ ಮಾಸ್ತರನ ಅಲ್ಲೇನ' ಅಂತಿದ್ರು ಒಮ್ಮೊಮ್ಮೆ. ನಗ್ತಾನ ಅಂತಿದ್ರು. ಆದ್ರ ಅಂತಿದ್ರು."

ಚಿಗವ್ವ ಜೀವಮಾನದಲ್ಲಿ ನನ್ನಿಂದ ಕೇಳಿದ್ದು ಅದೊಂದೇ. ನಾನು ಆಗಲಿ ಎಂದು ಮಾತು ಕೊಟ್ಟು ಬಂದೆ. ಇಷ್ಟು ಸಣ್ಣದಕ್ಕೆ ಯಾರು ಇಲ್ಲ ಅಂತಾರೆ ಎಂದುಕೊಂಡಿದ್ದೆ.

ಸರ್ ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮಾಸ್ತರರು, ಗುಮಾಸ್ತರು, ಜವಾನ, ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಗಣಿತದವರು ಇಂಥ ಸರ್, ಕನ್ನಡದವರು ಇಂಥ ಗುರುಗಳು. ಇವರು ಮಾತ್ರ ಪಿ.ಟಿ. 'ಪಿ.ಟಿ., ಮೈಕ್ ನೋಡ್ರಿ.' 'ಪಿ.ಟಿ., ನೀರಿನ ಟಾಕಿ ತುಂಬೇದ ಇಲ್ಲ ನೋಡ್ರಿ.' ಬದುಕಿದ್ದಾಗ ಉಪಯೋಗಿಸದ ಹೆಸರನ್ನು ಈಗ ಇಲ್ಲಿ ಅಚ್ಚು ಹಾಕಿಸಿ ಶಾಲೆಯವರಿಗೆ ಅನುಕೂಲ ಮಾಡಿಕೊಡಲು ನನಗೆ ಮನಸ್ಸಿಲ್ಲ. ನಮಗೆ ಅವರು ಸರ್. ಅಷ್ಟು ಸಾಕು.

ಅಪ್ಪ ನೀರಾವರಿ ಇಲಾಖೆಯಲ್ಲಿದ್ದರು. ಮಾನ್ವಿಗೆ ವರ್ಗವಾದಾಗ ನನ್ನನ್ನು ರಾಯಚೂರಿನ ಕಾನ್ವೆಂಟಿನಿಂದ ಬಿಡಿಸಿ ಅಲ್ಲಿನ ಹೈಸ್ಕೂಲಿಗೆ ಹಾಕಿದರು. ಮೊದಲ ದಿನ ತರಗತಿಯ ಬಾಗಿಲಲ್ಲಿ ನಿಂತು 'ಮೇ ಐ ಕಮಿನ್ ಮಿಸ್' ಅಂದೆ. ಒಳಗಿದ್ದದ್ದು ಮೀಸೆಯ ಮಾಸ್ತರು. ಇಡೀ ತರಗತಿ ಬೆಂಚು ಬಡಿದು ನಕ್ಕಿತು. ಅವತ್ತಿನಿಂದ ನನ್ನ ಹೆಸರು ಕಾನ್ವೆಂಟು.

ಸಂಜೆ ಮೈದಾನದಲ್ಲಿ ಖೋ ಖೋಗೆ ಹುಡುಗಿಯರನ್ನು ಆರಿಸುತ್ತಿದ್ದರು. ನಾನು ಬಿಳಿ ಬೂಟು, ಅಂಚಿಗೆ ನಿರಿಗೆ ಇದ್ದ ಬಿಳಿ ಕಾಲುಚೀಲ ಹಾಕಿಕೊಂಡು ಒಂದು ಕಡೆ ನಿಂತಿದ್ದೆ. ಸರ್ ಬಂದು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

"ಯವ್ವಾ, ಇವೇನು ಮದುವಿಗೆ ಹೊಂಟಾವೇನು? ಬಿಚ್ಚು. ನೆಲ ನೋಡೋದು ಕಣ್ಣಲ್ಲ, ಕಾಲು."

ಬಿಚ್ಚಿದೆ. ನೆಲ ಮೆತ್ತಗಿತ್ತು. ಅದು ನನಗೆ ಬಹಳ ಆಶ್ಚರ್ಯ. ಮಾನ್ವಿಯ ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ಆದರೆ ಅಂಕಣದ ಉದ್ದಕ್ಕೂ ನೆಲ ಬೇರೆಯಾಗಿತ್ತು. ಸರ್ ಊರ ಹೊರಗಿನಿಂದ ಕೆಂಪು ಗರಸು ಮಣ್ಣು ತರಿಸಿ, ರೈಸ್ ಮಿಲ್ಲಿನಲ್ಲಿ ಗುಡ್ಡೆ ಬಿದ್ದಿರುತ್ತಿದ್ದ ಭತ್ತದ ಹೊಟ್ಟನ್ನು ಚೀಲದಲ್ಲಿ ಹೊತ್ತು ತಂದು, ಎರಡನ್ನೂ ಎರೆಮಣ್ಣಿಗೆ ಕಲಸಿ, ನೀರು ಹೊಡೆದು ಹದ ಮಾಡಿದ್ದರು. ಹುಡುಗಿಯರು ಡೈವ್ ಹೊಡೆದರೆ ಮೊಣಕಾಲು ಕಿತ್ತು ಹೋಗಬಾರದು ಎಂದು. ಆ ಹೊಟ್ಟು ಮೈಗೆ ಹತ್ತಿ ರಾತ್ರಿಯೆಲ್ಲ ತುರಿಕೆ. ನಮ್ಮ ತಾಯಂದಿರು ಬೈಯುತ್ತಿದ್ದರು. 'ತುರಿಕಿ ಹೋಗ್ತದ್ರೀ ಯವ್ವಾ, ಮೊಣಕಾಲಿನ ಗಾಯದ ಕಲಿ ಹೋಗಂಗಿಲ್ಲ. ನಾಳೆ ಹುಡುಗಿ ನೋಡಾಕ ಬಂದೋರು ನನ್ನ ಬೈಬಾರ್ದಲ್ರೀ' ಎಂದು ಸರ್ ಅವರಿಗೆ ಉತ್ತರ ಕೊಟ್ಟರು.

ಇನ್ನೊಂದು ಇತ್ತು. ನಾವು ಅಂಕಣಕ್ಕೆ ಇಳಿಯುವ ಮೊದಲು ಸರ್ ಒಬ್ಬರೇ ಬರಿಗಾಲಲ್ಲಿ ಅದರ ತುಂಬ ನಡೆಯುತ್ತಿದ್ದರು. ಈ ಕಂಬದಿಂದ ಆ ಕಂಬಕ್ಕೆ, ಮತ್ತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಆ ಕಂಬದಿಂದ ಈ ಕಂಬಕ್ಕೆ, ಹೊಲ ಬಿತ್ತುವವರ ಹಾಗೆ. ನಾನು ಮೊದಲು ಏನೋ ಪೂಜೆ ಇರಬೇಕು ಎಂದುಕೊಂಡೆ. ಪೂಜೆಯಲ್ಲ, ಜಾಲಿ ಮುಳ್ಳು ಹುಡುಕುವುದು. ಕಣ್ಣಿಗೆ ಕಾಣದ ಮುಳ್ಳನ್ನು ಅಂಗಾಲಿನಿಂದ ಹುಡುಕುವುದು. ಚುಚ್ಚಿದರೆ ನಿಂತು, ಒಂದು ಕಾಲ ಮೇಲೆ ಕೊಕ್ಕರೆಯ ಹಾಗೆ ನಿಂತು, ಮುಳ್ಳು ಕಿತ್ತು ಬಿಸಿಲಿಗೆ ಹಿಡಿದು ನೋಡಿ 'ಸಿಕ್ಕಿತು ನೋಡು, ಮಗಂದು' ಎಂದು ಖುಷಿಪಡುತ್ತಿದ್ದರು. ಅಂಗಿಯ ಜೇಬಿನಲ್ಲಿ ಹಾಕಿಕೊಳ್ಳುತ್ತಿದ್ದರು, ಮತ್ತೆ ಬೀಳಬಾರದೆಂದು. ಚಿಗವ್ವ ಒಗೆಯುವಾಗ ಆ ಜೇಬಿಗೆ ಕೈ ಹಾಕಿ ಚುಚ್ಚಿಸಿಕೊಂಡು ಬೈಯುತ್ತಿದ್ದರಂತೆ.

ನನ್ನ ತೊಂದರೆ ಕಾಲಿನದಲ್ಲ, ಗಂಟಲಿನದು. ಕೂತವಳ ಬೆನ್ನು ಮುಟ್ಟಿ ಖೋ ಅನ್ನಬೇಕು; ಅಂದರೆ ಮಾತ್ರ ಅವಳು ಎದ್ದು ಓಡಬಹುದು. ನನ್ನ ಖೋ ನನಗೇ ಕೇಳುತ್ತಿರಲಿಲ್ಲ. ಸಿಸ್ಟರ್‌ಗಳು ವರ್ಷಗಟ್ಟಲೆ ಮೆತ್ತಗೆ ಮಾತಾಡಲು ಕಲಿಸಿದ್ದರು.

"ಲೇ ಕಾನ್ವೆಂಟು," ಎಂದು ಮೆಹಬೂಬಿ ಕೂತಲ್ಲಿಂದಲೇ ತಿರುಗಿ ಕೂಗಿದಳು. ಅವಳು ನಮ್ಮ ತಂಡದ ಜೋರಿನ ಹುಡುಗಿ. ಈಗ ಮಾನ್ವಿಯಲ್ಲಿ ಬಳೆ ಅಂಗಡಿ ಇಟ್ಟಿದ್ದಾಳೆ. "ಖೋ ಅಂದ್ಯೇನು, ಬೆನ್ನ ಮ್ಯಾಲ ನೊಣ ಕುಂತಿತ್ತೇನು?"

ಸರ್ ನಗಲಿಲ್ಲ. "ನೀ ಖೋ ಅನ್ನೋದನ್ನ ಕಾರ್ಡಿನ್ಯಾಗ ಬರದು ಟಪಾಲಿಗೆ ಹಾಕ್ತೀಯೇನವ್ವಾ? ಬಾ ಈ ಕಡೆ." ಮೈದಾನದ ಹಿಂದಿನ ಕಾಲುವೆಯ ಏರಿಯ ಮೇಲೆ ನನ್ನನ್ನು ನಿಲ್ಲಿಸಿ, ತಾವು ಆ ದಂಡೆಗೆ ದಾಟಿ ಹೋಗಿ ಬೆನ್ನು ತಿರುಗಿಸಿ ಕೂತರು. ನಾನು ಖೋ ಅಂದು ಅವರಿಗೆ ಕೇಳಿಸಿದರೆ ಏಳಬೇಕು. ಎಷ್ಟು ಸಲ ಕೂಗಿದೆನೋ, ಅವರು ಏಳಲೇ ಇಲ್ಲ. ಕೊನೆಗೆ ಅಳು ಬಂದು, ಅಳುವಿನ ಜೊತೆಗೇ ಒಂದು ಖೋ ಕಿತ್ತುಕೊಂಡು ಬಂತು. ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಸರ್ ಎದ್ದು, ಪ್ಯಾಂಟಿಗೆ ಹತ್ತಿದ ಮಣ್ಣು ಝಾಡಿಸಿಕೊಂಡು, "ಹಾಂ. ಈಗ ಎದ್ದೆ," ಎಂದರು.

ಇದನ್ನು ಪಾಠ ಅನ್ನದೆ ಏನನ್ನಬೇಕು? ಯಾವ ಸಬ್ಜೆಕ್ಟಿಗೆ ಸೇರಿಸಬೇಕು?

ಸ್ಟಾಫ್ ರೂಮಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಈ ಮಾತನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ, ಕಟ್ಟಿಗೆಯ ಕುರ್ಚಿ ಇರಲಿಲ್ಲ. ಉಳಿದವರಿಗೆಲ್ಲ ಒಂದೊಂದು ಇತ್ತು, ಬೆನ್ನಿಗೆ ಟವೆಲ್ ಹಾಕಿದ್ದು. ಇವರು ಆಟದ ಸಾಮಾನಿನ ಕೋಣೆಯಲ್ಲಿ ಚೆಂಡು, ಬಲೆ ತುಂಬುವ ಕಟ್ಟಿಗೆ ಪೆಟ್ಟಿಗೆಯ ಮೇಲೆ ಕೂರುತ್ತಿದ್ದರು. ಚಹಾ ಬಂದರೆ ಎಲ್ಲರಿಗೂ ಗಾಜಿನ ಗ್ಲಾಸಿನಲ್ಲಿ, ಇವರಿಗೆ ಸ್ಟೀಲ್ ಲೋಟದಲ್ಲಿ. ಆ ಲೋಟ ಅವರದೇ. ಸಾಮಾನಿನ ಕೋಣೆಯ ಕಿಟಕಿಯಲ್ಲಿ ಬೋರಲು ಹಾಕಿ ಇಡುತ್ತಿದ್ದರು, ಅವರೇ ತೊಳೆಯುತ್ತಿದ್ದರು. ಒಮ್ಮೆ ನಾನು ಕೇಳಿದೆ, ನಿಮಗ್ಯಾಕೆ ಸರ್ ಬೇರೆ ಲೋಟ ಎಂದು. "ನನಗ ಸ್ಟೀಲಿನ್ಯಾಗ ಕುಡದ್ರನ ಚಾ ರುಚಿ ಹತ್ತೋದವ್ವಾ," ಎಂದರು. ನಾನು ನಂಬಿದೆ. ಮನೆಗೆ ಬಂದು ಅಮ್ಮನ ಹತ್ತಿರ ನನಗೂ ಸ್ಟೀಲ್ ಲೋಟದಲ್ಲೇ ಹಾಲು ಬೇಕು ಎಂದು ಹಟ ಮಾಡಿದೆ. ಅಮ್ಮ ಯಾಕೆ ಎಂದು ಕೇಳಿದಾಗ ಕಾರಣ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ, ಸುಮ್ಮನೆ ಲೋಟ ಕೊಟ್ಟರು. ಅವರು ಯಾಕೆ ಮಾತಾಡಲಿಲ್ಲ ಎಂಬುದು ದೇವದುರ್ಗಕ್ಕೆ ಹೋಗಿ ಬಂದ ಮೇಲೆ ಗೊತ್ತಾಯಿತು.

ಆ ವರ್ಷ ಜಿಲ್ಲೆಯ ಆಟಗಳು ದೇವದುರ್ಗದಲ್ಲಿ. ನಾವು ಗೆದ್ದೆವು. ಕಂಬದ ಹತ್ತಿರ ನಾನು ಕೊಟ್ಟ ಖೋಗೆ ಮೆಹಬೂಬಿ ಎದ್ದು ಹಾರಿ ಕೊನೆಯವಳ ಹಿಮ್ಮಡಿ ಮುಟ್ಟಿದಳು. ಶೀಲ್ಡ್ ಹಿಡಿದುಕೊಂಡು ಬಸ್ಸು ಹತ್ತಿದೆವು. ಬೆಳಗಿನಿಂದ ಹೊಟ್ಟೆಗೆ ಸರಿಯಾಗಿ ಬಿದ್ದಿರಲಿಲ್ಲ. ಅಲ್ಲಿ ಊಟ ನಮ್ಮ ಸರದಿ ಬರುವ ಹೊತ್ತಿಗೆ ಮುಗಿದಿತ್ತು. ಸರ್ ದಾರಿಯಲ್ಲಿ ಮಸರಕಲ್ಲಿನಲ್ಲಿ ನಮ್ಮನ್ನು ಇಳಿಸಿದರು. ಅದು ಅವರ ಹುಟ್ಟೂರು. ಓಣಿಯ ಕೊನೆಯಲ್ಲಿ ಅವರ ಮನೆ, ಹೊರಗೆ ಗೋಡೆಗೆ ನೀಲಿ ಬಣ್ಣ, ಒಳಗೆ ನೆಲ ಸಾರಿಸಿದ್ದರು. ಅವರ ತಾಯಿ ಕೂಲಿಯಿಂದ ಆಗಷ್ಟೇ ಬಂದಿದ್ದರು. ಕುಡಗೋಲು ಮೂಲೆಗೆ ಇಟ್ಟು, ಕೈ ತೊಳೆದು, ನೆರೆಮನೆಯವರನ್ನೂ ಕರೆದು ರೊಟ್ಟಿ ಬಡಿಯಲು ಕೂತರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಮೆಣಸಿನಕಾಯಿ ಹಿಂಡಿ.

ತಾಟು ಬಂದಾಗ ಕೆಲವು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ನನಗೆ ಹಸಿವಿಲ್ಲ ಅಂದಳು. ಅವಳ ಹೊಟ್ಟೆ ಗುರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಸರ್ ಬಾಗಿಲ ಹೊರಗೆ ಬೆನ್ನು ಮಾಡಿ ನಿಂತಿದ್ದರು, ಒಳಗೆ ಬರಲಿಲ್ಲ. ಅಜ್ಜಿಯ ಕೈ ಹಿಟ್ಟಿನ ಮೇಲೆ ನಿಂತಿತು. ಮೆಹಬೂಬಿ ಒಮ್ಮೆ ಎಲ್ಲರನ್ನೂ ನೋಡಿ, "ನೀವು ಒಬ್ಬರ ಮುಖ ಒಬ್ಬರು ನೋಡ್ರಿ, ನಾ ರೊಟ್ಟಿ ನೋಡ್ತೀನಿ," ಎಂದು ಎಳೆದುಕೊಂಡಳು. ನಾನೂ ಎಳೆದುಕೊಂಡೆ. ಹಸಿವಿಲ್ಲ ಅಂದವಳು ಎಲ್ಲರಿಗಿಂತ ಹೆಚ್ಚು ತಿಂದಳು. ಅಜ್ಜಿ ಬಡಿಯುತ್ತಲೇ ಇದ್ದರು, "ಉಣ್ರೆವ್ವಾ, ಗೆದ್ದು ಬಂದೀರಿ," ಎನ್ನುತ್ತಲೇ ಇದ್ದರು.

ವಾರದೊಳಗೆ ದೂರು ಬಂತು. ಯಾರ ಮನೆಯಿಂದ ಎಂದು ನನಗೆ ಗೊತ್ತು, ಬರೆಯುವುದಿಲ್ಲ. ಪಿ.ಟಿ. ನಮ್ಮ ಹುಡುಗಿಯರನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಉಣಿಸಿದ್ದಾನೆ ಎಂದು. ಅವತ್ತಿನ ಅಧ್ಯಕ್ಷರು, ಈಗಿನ ಕಾರ್ಯದರ್ಶಿಯವರ ತಂದೆ, ರೈಸ್ ಮಿಲ್ಲಿನವರು, ಸರ್ ಅವರನ್ನು ಕರೆಸಿದರು. ಮುಂದೆ ತಂಡವನ್ನು ಹೊರಗೂರಿಗೆ ಕರೆದೊಯ್ಯುವ ಕೆಲಸ ಇಂಗ್ಲಿಷ್ ಮಾಸ್ತರರಿಗೆ ಹೋಯಿತು. ಅವರಿಗೆ ಖೋ ಖೋದಲ್ಲಿ ಎಷ್ಟು ಜನ ಕೂರುತ್ತಾರೆ ಎಂದೂ ಗೊತ್ತಿರಲಿಲ್ಲ. ಅಭ್ಯಾಸ ಮಾಡಿಸುವುದು ಸರ್, ಬಸ್ಸು ಹತ್ತುವುದು ಅವರು. ಹಸಿದ ಹುಡುಗಿಯರಿಗೆ ರೊಟ್ಟಿ ಹಾಕಿದ್ದು ಅಪರಾಧವಾಯಿತು. ಹಸಿಯಲು ಬಿಟ್ಟವರ ಮೇಲೆ ಯಾರೂ ದೂರು ಕೊಡಲಿಲ್ಲ.

ಶೀಲ್ಡಿನ ಜೊತೆ ತೆಗೆಸಿದ ಫೋಟೋ ಇನ್ನೂ ನನ್ನ ಹತ್ತಿರ ಇದೆ. ನಡುವೆ ಅಧ್ಯಕ್ಷರು, ಅತ್ತಿತ್ತ ಕುರ್ಚಿಗಳಲ್ಲಿ ಮಾಸ್ತರರು, ಕೆಳಗೆ ನೆಲದ ಮೇಲೆ ನಾವು. ಸರ್ ಇಲ್ಲ. ಸಾಲು ನೆಟ್ಟಗೆ ಮಾಡುವುದಕ್ಕೆ ಅವರನ್ನು ಕ್ಯಾಮೆರಾದ ಆಚೆ ನಿಲ್ಲಿಸಿದ್ದರು. ಆದರೆ ಫೋಟೋ ನೋಡಿದವರೆಲ್ಲ ಒಂದು ಕೇಳುತ್ತಾರೆ: ಈ ಹುಡುಗಿಯರು ಯಾರೂ ಕ್ಯಾಮೆರಾ ನೋಡುತ್ತಿಲ್ಲವಲ್ಲ, ಎಲ್ಲರೂ ಪಕ್ಕಕ್ಕೆ ಏನು ನೋಡುತ್ತಿದ್ದಾರೆ?

ಸರ್ ಸಿಟ್ಟಾದದ್ದು ನಾನು ನೋಡಿದ್ದು ಎರಡು ಸಲ, ಎರಡೂ ಸಲ ತಮಗಾಗಿ ಅಲ್ಲ.

ಒಂದು, ಧ್ವಜಾರೋಹಣದ ದಿನ. ಅಧ್ಯಕ್ಷರು ಬರುವುದು ತಡವಾಗಿ, ಸಾಲಿನಲ್ಲಿ ನಿಂತ ಸಣ್ಣ ಹುಡುಗಿಯೊಬ್ಬಳು ತಲೆ ತಿರುಗಿ ಬಿದ್ದಳು. ಸರ್ ಸೀಟಿ ಊದಿ ಇಡೀ ಶಾಲೆಯನ್ನು ಬೇವಿನ ಗಿಡಗಳ ಕೆಳಗೆ ಕೂರಿಸಿಬಿಟ್ಟರು. ಹೆಡ್‌ಮಾಸ್ತರರು ಓಡಿ ಬಂದರು. "ಅಧ್ಯಕ್ಷರು ಬಂದು ಸಾಲು ಇಲ್ಲದ್ದು ನೋಡಿದ್ರ?" ಸರ್ ಹೇಳಿದರು, "ಅವರು ಕಾರಿನ್ಯಾಗ ಬರ್ತಾರ್ರೀ, ಹುಡುಗ್ರು ಬಿಸಲಾಗ ನಿಂತಾವ. ಬಂದ ಮ್ಯಾಲ ಎಬ್ಬಸ್ತೀನ್ರೀ. ಎಬ್ಬಸಾಕ ಒಂದು ಸೀಟಿ ಸಾಕು."

ಇನ್ನೊಂದು, ಯಾರೋ ದೊಡ್ಡವರು ತೀರಿಕೊಂಡಾಗಿನ ಸಂತಾಪ ಸಭೆ. ಎರಡು ನಿಮಿಷದ ಮೌನ ಎಂದು ನಿಂತವರು ಅರ್ಧಕ್ಕೇ ಕೆಮ್ಮಿ, ಗಡಿಯಾರ ನೋಡಿ, ಕೂತುಬಿಟ್ಟರು. ಆಮೇಲೆ ಸರ್ ನಮ್ಮನ್ನು ಮೈದಾನದಲ್ಲಿ ನಿಲ್ಲಿಸಿಕೊಂಡು ಹೇಳಿದರು: "ಸತ್ತವರಿಗೆ ನಾವು ಕೊಡೋದು ಇದೊಂದ. ಇದರಾಗೂ ಕದ್ದರ ಹೆಂಗ? ಇನ್ನ ಮ್ಯಾಲ ಮೌನಕ್ಕ ನಿಂತ್ರಿ ಅಂದ್ರ, ನನ್ನ ಸೀಟಿ ಆಗೋತನಾ ಅಲ್ಲಾಡಬಾರ್ದು. ಮೈಕಿನ್ಯಾಗ ಯಾರು ಏನ ಅನ್ಲಿ. ಎರಡು ಗಿಡ್ಡ ಸೀಟಿ ಊದಿದ್ರ ಕುಂದ್ರೋದು. ತಿಳೀತಿಲ್ಲೋ?" ಅವತ್ತಿನಿಂದ ಆ ಶಾಲೆಯಲ್ಲಿ ಮೌನ ಮುಗಿಯುವುದು ಅವರ ಸೀಟಿಯಿಂದಲೇ. ಹಳೆಯ ಹುಡುಗಿಯರು ಹೊಸಬರಿಗೆ ಹೇಳಿಕೊಡುತ್ತ, ಅದು ಅಲ್ಲಿನ ಮಕ್ಕಳ ಪದ್ಧತಿಯೇ ಆಯಿತು. ವೇದಿಕೆಯ ಮೇಲಿನವರು ಅದನ್ನು ಗಮನಿಸಲೇ ಇಲ್ಲ.

ನಿವೃತ್ತಿಯ ದಿನ ನಾನು ಹೋಗಿದ್ದೆ. ಮೈಕು ಕಟ್ಟಿದ್ದು, ಕುರ್ಚಿ ಹಾಕಿಸಿದ್ದು, ಮಕ್ಕಳನ್ನು ಸಾಲಾಗಿ ಕೂರಿಸಿದ್ದು ಅವರೇ, ತಮ್ಮದೇ ಬೀಳ್ಕೊಡುಗೆಗೆ. ಶಾಲು ಹೊದಿಸಿದರು. ಸಭೆ ಮುಗಿದ ಮೇಲೆ ಆ ಶಾಲು ಹೆಗಲ ಮೇಲಿದ್ದ ಹಾಗೇ ಕುರ್ಚಿಗಳನ್ನು ಒಂದರ ಮೇಲೊಂದು ಹೇರುತ್ತಿದ್ದರು. ಅವರ ಜಾಗಕ್ಕೆ ಆಮೇಲೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳುತ್ತಾರೆ? ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಮೈದಾನಕ್ಕೆ ಬಂದು ಬರಿಗಾಲಲ್ಲಿ ನಡೆಯತೊಡಗಿದ್ದರು. ತೀರಿಕೊಳ್ಳುವ ಹಿಂದಿನ ವಾರದ ತನಕ ಬಂದು ಹುಡುಗಿಯರನ್ನು ಆಡಿಸಿದರು, ಸೀಟಿ ಊದಿದರು. ಮಾಸ್ತರಿಕೆ ಬಿಟ್ಟಿಯಾಗಿ ಸಿಗುವಾಗ ಬೇಕಿತ್ತು, ಫೋಟೋ ಹಾಕುವಾಗ ಅವರು ಮಾಸ್ತರರಲ್ಲ.

ಸಂತಾಪ ಸಭೆ ಇಟ್ಟಿದ್ದು ಮಾರ್ಚ್ ತಿಂಗಳ ಉರಿಬಿಸಿಲಿನಲ್ಲಿ, ನಡುಮಧ್ಯಾಹ್ನ. ವೇದಿಕೆಗೆ ಮಾತ್ರ ಶಾಮಿಯಾನ. ನಾನು ರಾಯಚೂರಿನಲ್ಲಿ ಫೋಟೋಗೆ ಚೌಕಟ್ಟು ಹಾಕಿಸಿಕೊಂಡು ಹೋಗಿದ್ದೆ, ಸ್ಟಾಫ್ ರೂಮಿನವುಗಳ ಅಳತೆಯದೇ, ಕಂದು ಬಣ್ಣದ್ದೇ. ಯಾರದೋ ಮದುವೆಯ ಗುಂಪಿನಿಂದ ತೆಗೆದು ದೊಡ್ಡದು ಮಾಡಿಸಿದ ಮುಖ. ಮದುವೆಯಲ್ಲೂ ಕೊರಳಲ್ಲಿ ಸೀಟಿಯ ದಾರ. ಚಿಗವ್ವ ಗಾಜಿನ ಮೇಲೆ ಬೆರಳಿಟ್ಟು ಆ ದಾರ ತೋರಿಸಿ, "ಅಕ್ಷತಾ ಹಾಕು ಅಂದ್ರೂ ಊದಿಬಿಡ್ತಾರೇನೋ ಅಂತ ಅಂಜಿದ್ದೆ ನಾ ಅವತ್ತ," ಎಂದು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ಒಪ್ಪಿದ್ರೇನವ್ವಾ?"

"ಇವತ್ತು ಮತ್ತ ಕೇಳ್ತೀನಿ ಚಿಗವ್ವಾ."

ಫೋಟೋವನ್ನು ಪ್ರಯೋಗಾಲಯದ ಒಂದು ಸ್ಟೂಲಿನ ಮೇಲೆ ಇಟ್ಟರು. ಭಾಷಣಗಳಾದವು. ಎಲ್ಲರೂ 'ಶಿಸ್ತಿನ ಸಿಪಾಯಿ' ಎಂದರು. ಒಬ್ಬರಾದರೂ ಶಿಕ್ಷಕ ಅನ್ನುತ್ತಾರೇನೋ ಎಂದು ಕಿವಿಗೊಟ್ಟು ಕೂತಿದ್ದೆ. ಕಾರ್ಯದರ್ಶಿಯವರು ತಮ್ಮ ಸಂಸ್ಥೆ ಕ್ರೀಡೆಗೆ ಕೊಟ್ಟ ಪ್ರೋತ್ಸಾಹದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಮಾತು ಮುಗಿಸಿ ಇಳಿದಾಗ ನಾನು ಎದ್ದು ಹೋಗಿ ಕೇಳಿದೆ.

"ಮೇಡಮ್, ಆಗಲೇ ಹೇಳೀನಲ್ರೀ. ಒಬ್ಬರಿಗೆ ಹಾಕಿದ್ರ ನಾಳೆ ಜವಾನನ ಮನಿಯೋರೂ ಬರ್ತಾರ. ನೀವು ತಿಳದೋರು."

ಈ ಸಲ ನಾನು ಥ್ಯಾಂಕ್ಯೂ ಅನ್ನಲಿಲ್ಲ. ಬಂದು ಚಿಗವ್ವನ ಪಕ್ಕ ಕೂತೆ. ನನ್ನ ಮುಖ ನೋಡಿ ಅವರು ಕೇಳುವುದನ್ನೂ ಬಿಟ್ಟರು. ಸಂಚಿಯ ದಾರ ಎಳೆದು ಮತ್ತಷ್ಟು ಬಿಗಿ ಮಾಡಿದರು.

ಆಗ ಹೆಡ್‌ಮಾಸ್ತರರು ಮೈಕಿನ ಮುಂದೆ ಬಂದು, ಎರಡು ನಿಮಿಷ ಮೌನ ಆಚರಿಸೋಣ ಎಂದರು. ಎಲ್ಲರೂ ಎದ್ದೆವು. ಮೈದಾನದಲ್ಲಿ ಮಕ್ಕಳು ಎದ್ದರು. ಒಂದು ಕಾಗೆ ಕೂಗಿತು, ಯಾರದೋ ಮೊಬೈಲು ಸದ್ದು ಮಾಡಿ ನಿಂತಿತು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಹೆಡ್‌ಮಾಸ್ತರರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ಓಂ ಶಾಂತಿ. ಎಲ್ಲಾರೂ ಕೂತ್ಕೋಬಹುದು," ಎಂದರು.

ವೇದಿಕೆಯ ಮೇಲಿನವರು ಕೂತರು. ಮಕ್ಕಳು ಕೂರಲಿಲ್ಲ.

"ಮಕ್ಕಳೇ, ಕೂತ್ಕೊಳ್ರಿ."

ಒಬ್ಬರೂ ಅಲ್ಲಾಡಲಿಲ್ಲ. ಮಾಸ್ತರರೊಬ್ಬರು ಸಾಲುಗಳ ನಡುವೆ ಓಡಾಡಿ ಹೆಗಲು ಒತ್ತಿ ಕೂರಿಸಲು ನೋಡಿದರು. ಒತ್ತಿದವರು ಬಾಗಿ ಮತ್ತೆ ನೆಟ್ಟಗಾದರು. "ಏ, ಕಿವಿ ಕೇಳಂಗಿಲ್ಲೇನು ನಿಮಗ? ಕುಂದ್ರಿ ಅಂದ್ರ!" ಕಾರ್ಯದರ್ಶಿಯವರು ಎದ್ದು ಬಂದು ಮೈಕು ಕಿತ್ತುಕೊಂಡರು. "ಸಭೆ ಮುಗೀತು. ಸಿಟ್ ಡೌನ್!" ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಂದು ಹುಡುಗಿ ನಿಂತಿದ್ದಳು. ಹಣೆಯ ಬೆವರಿನ ಹನಿ ಮೂಗಿನ ಗುಂಟ ಇಳಿದು ತುದಿಯಲ್ಲಿ ತೂಗುತ್ತಿತ್ತು. ಒರೆಸಿಕೊಳ್ಳಲಿಲ್ಲ. ಅವಳ ಕಣ್ಣು ಮೈಕಿನ ಕಡೆ ಇರಲಿಲ್ಲ, ಸ್ಟೂಲಿನ ಮೇಲಿನ ಫೋಟೋದ ಕಡೆ ಇತ್ತು.

"ಏನಾಗ್ಯದ ಇವಕ್ಕ?" ಎಂದು ಕಾರ್ಯದರ್ಶಿಯವರು ಮೈಕಿನಲ್ಲೇ ಕೇಳಿದರು.

ನನ್ನ ಹಿಂದೆ ಮೆಹಬೂಬಿ ಜೋರಾಗಿಯೇ ಅಂದಳು: "ಏನೂ ಆಗಿಲ್ರೀ ಸಾಹೇಬ್ರ. ಪಾಠ ಕಲ್ತಾವ."

ಚಿಗವ್ವ ನನ್ನ ಮೊಣಕೈ ಹಿಡಿದರು. ಸಂಚಿ ಬಿಚ್ಚಿ, ಎಲೆಗಳ ನಡುವಿನಿಂದ ಸರ್ ಅವರ ಸೀಟಿ ತೆಗೆದರು. ಅದಕ್ಕೆ ಸುಣ್ಣ ಹತ್ತಿತ್ತು. ಸೆರಗಿನಿಂದ ಒರೆಸಿ ನನ್ನ ಕೈಗೆ ಇಟ್ಟರು. "ಊದವ್ವಾ. ನನಗ ಉಸರು ಸಾಲದು. ಬಿಸಲಾಗ ನಿಂತಾವ ಹುಡುಗ್ರು. ಅವರಿಗೆ ಇದು ಸೇರತಿದ್ದಿಲ್ಲ."

ಎರಡು ಗಿಡ್ಡ ಸೀಟಿ. ಊದಿದೆ.

ಇಡೀ ಮೈದಾನ ಒಮ್ಮೆಗೇ ಕೂತಿತು. ಧೂಳು ಅವರ ಮೊಣಕಾಲಿನೆತ್ತರಕ್ಕೆ ಎದ್ದು ನಿಧಾನವಾಗಿ ಇಳಿಯಿತು. ಎರಡು ಜಡೆಯ ಹುಡುಗಿ ಆಗ ಮೂಗು ಒರೆಸಿಕೊಂಡಳು.

ಮೆಹಬೂಬಿ ಯಾರನ್ನೂ ಕೇಳದೆ ಹೋಗಿ ಸ್ಟೂಲಿನ ಮೇಲಿನ ಫೋಟೋ ಎತ್ತಿಕೊಂಡಳು. ಒಂದು ಕಡೆ ಅವಳು, ಒಂದು ಕಡೆ ನಾನು, ನಡುವೆ ಚಿಗವ್ವ.

"ಎಲ್ಲಿಗ್ರೀ, ಎಲ್ಲಿಗೆ?" ಎಂದು ಕಾರ್ಯದರ್ಶಿಯವರು ಹಿಂದೆ ಬಂದರು. "ಗೋಡಿಗೆ ಹಾಕಂಗಿಲ್ಲ ಅಂತ ಹೇಳೀನಲ್ರೀ."

"ಗೋಡಿ ನಿಮ್ಮದ ಇಟ್ಕೊಳ್ರಿ," ಎಂದಳು ಮೆಹಬೂಬಿ. "ನಾವು ಮೊಳಿ ಹೊಡ್ಯಾಕ ಬಂದಿಲ್ಲ."

ಸ್ಟಾಫ್ ರೂಮಿನ ಬಾಗಿಲು ತೆರೆದಿತ್ತು. ನಾನು ತಟ್ಟಲಿಲ್ಲ, ಬರಬಹುದೇ ಎಂದು ಕೇಳಲಿಲ್ಲ. ಒಳಗೆ ಮೇಜಿನ ಸುತ್ತ ಕುರ್ಚಿಗಳು, ಬೆನ್ನಿಗೆ ಟವೆಲುಗಳು. ಫ್ಯಾನಿನ ಕೆಳಗಿನ ಒಂದನ್ನು ಎಳೆದು, ಟವೆಲು ಸರಿಮಾಡಿ, ಸರ್ ಅವರನ್ನು ಅದರ ಮೇಲೆ ಕೂರಿಸಿದೆವು. ಕೂರಿಸಿದೆವು ಎಂದೇ ಬರೆಯುತ್ತೇನೆ. ಬಂದವರಿಗೆಂದು ತಂದ ಚಹಾ ಹಿಡಿದುಕೊಂಡು ಜವಾನ ಬಾಗಿಲಲ್ಲಿ ನಿಂತಿದ್ದ. ಮೆಹಬೂಬಿ ಟ್ರೇಯಿಂದ ಒಂದು ಗಾಜಿನ ಗ್ಲಾಸು ತೆಗೆದು ಫೋಟೋದ ಮುಂದೆ ಮೇಜಿನ ಮೇಲೆ ಇಟ್ಟಳು.

ಚಿಗವ್ವ ಗ್ಲಾಸನ್ನು ನೋಡಿದರು. ಆವಿ ಏಳುತ್ತಿತ್ತು.

"ಸಕ್ಕರಿ ಕಡಿಮಿ ಕುಡೀತಿದ್ರವ್ವಾ," ಎಂದರು. ಅಲ್ಲಿಯ ತನಕ ತಡೆದದ್ದು ಆಗ ಒಡೆಯಿತು.

ಇದಾಗಿ ಮೂರು ವಾರವಾಯಿತು. ಕಾರ್ಯದರ್ಶಿಯವರು ವಿಷಯವನ್ನು ಕಮಿಟಿಯ ಮುಂದೆ ಇಡುತ್ತಾರಂತೆ, ಇಟ್ಟಿಲ್ಲ. ಗೋಡೆಗೆ ಮೊಳೆ ಬಿದ್ದಿಲ್ಲ. ಆದರೆ ಫೋಟೋವನ್ನು ಅಲ್ಲಿಂದ ಎತ್ತುವ ಧೈರ್ಯವೂ ಯಾರಿಗೂ ಬಂದಿಲ್ಲ. ಎತ್ತಿ ಆಟದ ಸಾಮಾನಿನ ಕೋಣೆಗೆ ಒಯ್ಯಬೇಕಾದರೆ ಮೈದಾನದ ಹುಡುಗಿಯರ ಮುಂದೆಯೇ ಹಾಯ್ದು ಹೋಗಬೇಕು. ನಿನ್ನೆ ಮೆಹಬೂಬಿ ಅಂಗಡಿಯಿಂದ ಫೋನ್ ಮಾಡಿದ್ದಳು. ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಕಡಿಮೆ ಬಿದ್ದಿದೆಯಂತೆ. ಮಾಸ್ತರರೊಬ್ಬರು ಸ್ಟೂಲಿನ ಮೇಲೆ ಕೂರುತ್ತಿದ್ದಾರಂತೆ, ಬೆನ್ನು ನೋವು ಎಂದು ಎಲ್ಲರ ಮುಂದೆ ಹೇಳಿಕೊಂಡು ಓಡಾಡುತ್ತಿದ್ದಾರಂತೆ.

ಕೂರಲಿ.